ದಡದಲ್ಲೇ ಮುಳುಗಿದ ಮಾರ್ಟಾ

ಲಾಂಗ್ ಬೀಚ್ ಬಂದರಿನಲ್ಲಿ ಹಗ್ಗ ಬಿಗಿದು ನಿಲ್ಲಿಸಿದ್ದ ‘ಮಾರ್ಟಾ’ ಹಡಗು ಬೆಳಗಾಗುವಷ್ಟರಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡಿತ್ತು. ಎಂಜಿನ್ ರೂಮಿನ ತುಂಬ ಸಮುದ್ರದ ನೀರು. ಯಾರೋ ಬೇಕೆಂದೇ ತಳದ ವಾಲ್ವ್ ತೆರೆದಿಟ್ಟಿದ್ದರು.

ಮೇದಿನಿ ಸ್ಯಾನ್ ಡಿಯಾಗೋದಿಂದ ಡ್ರೈವ್ ಮಾಡಿಕೊಂಡು ಬರುವ ಹೊತ್ತಿಗೆ ಪೊಲೀಸರು ಒಬ್ಬನನ್ನು ಹಿಡಿದೂ ಆಗಿತ್ತು. ಹಡಗಿನ ಎರಡನೇ ಎಂಜಿನಿಯರ್ ರೊದ್ರಿಗೊ. ಹಿಂದಿನ ದಿನ ಮಾಲೀಕನೊಡನೆ ಜಗಳವಾಡಿ ಕೆಲಸ ಕಳೆದುಕೊಂಡಿದ್ದ. ಈ ಹಡಗು ಹೇಗೆ ಹೊರಡುತ್ತೋ ನೋಡ್ತೀನಿ ಅಂತ ಅವನು ಕೂಗಾಡಿದ್ದನ್ನು ಎಲ್ಲರೂ ಕೇಳಿದ್ದರು.

ಮೇದಿನಿ ಹಡಗಿನ ಅವಘಡಗಳ ತನಿಖೆ ಮಾಡುವವಳು. ಈ ಕೆಲಸಕ್ಕೆ ಅವಳ ಹೆಸರು ಸೂಚಿಸಿದವರು ನೀಲಕಂಠಪ್ಪನವರು. ಹುಬ್ಬಳ್ಳಿ ಕಡೆಯವರು. ಮಾರ್ಟಾದಲ್ಲಿ ಬಹಳ ವರ್ಷ ಚೀಫ್ ಎಂಜಿನಿಯರ್ ಆಗಿದ್ದು, ಈಗ ಸ್ಯಾನ್ ಡಿಯಾಗೋದಲ್ಲಿ ನೆಲೆಸಿ ಅದೇ ಮಾಲೀಕನ ಏಜೆಂಟ್ ಆಗಿದ್ದರು. ಅಪ್ಪ ತೀರಿಕೊಂಡ ಮೇಲೆ ಮೇದಿನಿಯನ್ನು ಈ ದಾರಿಗೆ ಹಚ್ಚಿ, ಕೈಹಿಡಿದು ಕಲಿಸಿದವರು. ಅವಳ ಬಾಯಲ್ಲಿ ಅವರು ‘ಕಾಕಾ’.

ಮಾಲೀಕ ಯೋಖೆನ್ ದಡದ ಮೇಲೆ ನಿಂತಿದ್ದ. ಅವಳು ಕೇಳದೆಯೇ ತನ್ನ ಕಥೆ ಹೇಳಿಕೊಂಡ. ಬಾಲ್ಟಿಕ್ ಸಮುದ್ರದ ದಂಡೆಯ ವಿಸ್ಮಾರ್ ಅವನ ಊರು. ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಗೋಡೆ ಬಿದ್ದು ಜರ್ಮನಿ ಒಂದಾದಾಗ ಊರಿನವರೆಲ್ಲ ಪಶ್ಚಿಮಕ್ಕೆ ಓಡಿದರು. ಇವನು ಮಾವನ ಮನೆ ಅಡವಿಟ್ಟು ಹಳೇ ಹಡಗೊಂದನ್ನು ಕೊಂಡ. ಗೋಧಿ, ಮರದ ವ್ಯಾಪಾರ ಕೈಹಿಡಿಯಿತು. ಒಂದಿದ್ದ ಹಡಗು ಐದಾಯಿತು. ಆಮೇಲೆ ಹೆಂಡತಿ ಮಾರ್ಟಾ ತೀರಿಕೊಂಡಳು. ಹಡಗುಗಳೂ ಒಂದೊಂದಾಗಿ ಕೈಬಿಟ್ಟವು. ಉಳಿದದ್ದು ಅವಳ ಹೆಸರಿನ ಇದೊಂದೇ.

ರೊದ್ರಿಗೊ ಮೇಲೆ ದೂರು ಕೊಟ್ಟವನೂ ಅವನೇ.

* * *

ನೀರು ಪಂಪ್ ಮಾಡಿ ತೆಗೆದ ಮೇಲೆ ಮೇದಿನಿ ಕೆಳಗಿಳಿದಳು. ಎಂಜಿನ್ ರೂಮಿನ ಬಾಗಿಲ ಬೀಗ ಒಡೆದಿರಲಿಲ್ಲ. ಆದರೆ ರೊದ್ರಿಗೊ ತನ್ನ ಕೀಲಿಯನ್ನು ಹಿಂದಿನ ದಿನವೇ ಕ್ಯಾಪ್ಟನ್ ಕೈಗೆ ಕೊಟ್ಟು ಹೋಗಿದ್ದ. ಅಲ್ಲೇ ಅವಳಿಗೆ ಮೊದಲ ಅನುಮಾನ.

ಎಂಜಿನ್ ರೂಮಿನ ಮೂಲೆಯ ಪುಟ್ಟ ಕ್ಯಾಬಿನ್‌ನಲ್ಲಿ ಹೆಂಗಸೊಬ್ಬಳ ಫೋಟೊ ನೆನೆದು ಬಿದ್ದಿತ್ತು. ಮಾರ್ಟಾಳದು. ಅದು ಯಾವಾಗಲೂ ಮೇಲಿನ ಮಾಲೀಕನ ಕೋಣೆಯಲ್ಲೇ ಇರುತ್ತಿತ್ತಂತೆ. ಹಿಂದಿನ ಸಂಜೆ ಅಲ್ಲಿ ಬಣ್ಣ ಹೊಡೆಯುವ ಕೆಲಸ ಶುರುವಾದ್ದರಿಂದ ನಾನೇ ಕೆಳಗೆ ತರಿಸಿಟ್ಟೆ ಎಂದು ಕ್ಯಾಪ್ಟನ್ ಪೇಚಾಡಿದ. ಪಾಪ, ಯೋಖೆನ್‌ಗೆ ಹೇಳುವ ಧೈರ್ಯ ಅವನಿಗಿನ್ನೂ ಬಂದಿರಲಿಲ್ಲ, ಬೇರೆ ಯಾರಿಗೂ ಹೇಳಿರಲಿಲ್ಲ.

ಮೇಲೆ ಬಂದು ಮೇದಿನಿ ಕಾಕಾಗೆ ಫೋನ್ ಮಾಡಿದಳು. ಜ್ವರವೆಂದು ಅವರು ಮನೆಯಲ್ಲೇ ಇದ್ದರು. ಹಡಗು ಬಂದಾಗಿನಿಂದ ಒಮ್ಮೆಯೂ ನೋಡಲಾಗಲಿಲ್ಲ ಎಂದು ಹಳಹಳಿಸಿದರು. ಎಂಜಿನ್ ರೂಮಿಗೆ ನೀರು ನುಗ್ಗಿದೆ ಎಂದಷ್ಟೇ ಅವಳು ಹೇಳಿದಳು.

“ಮಾರ್ಟಾಬಾಯಿ ಫೋಟೊ ಭಾಳ ನೆಂದೈತೇನವ್ವಾ?” ಎಂದು ಕೇಳಿದರು ಕಾಕಾ.

“ಹೌದು ಕಾಕಾ,” ಎಂದು ಫೋನಿಟ್ಟಳು. ಕಾರಿನ ಬಾಗಿಲು ತೆರೆದವಳು ಒಳಗೆ ಕೂರಲಿಲ್ಲ. ತನ್ನ ಊಹೆ ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಲೇ ಬಂದರಿನ ಗೇಟ್ ಆಫೀಸಿಗೆ ನಡೆದು, ಆ ರಾತ್ರಿಯ ಕ್ಯಾಮೆರಾ ದೃಶ್ಯ ತೋರಿಸಿ ಎಂದು ಕೇಳಿದಳು.

* * *

ಮರುದಿನ ಮಧ್ಯಾಹ್ನ ಲಾಂಗ್ ಬೀಚ್ ಹತ್ತಿರದ ಆರ್ಟೀಸಿಯಾದಲ್ಲಿ ಭಾರತೀಯರ ಮಿಠಾಯಿ ಅಂಗಡಿಯೊಂದರಲ್ಲಿ ಮೇದಿನಿ, ಯೋಖೆನ್, ನೀಲಕಂಠಪ್ಪನವರು ಮೂವರೂ ಕೂತರು. ಪಕ್ಕದ ಮೇಜಿನಲ್ಲಿ, ಮೇದಿನಿ ಮೊದಲೇ ಹೇಳಿ ಕರೆಸಿದ್ದ ಪೊಲೀಸ್ ಅಧಿಕಾರಿಯೊಬ್ಬ ಚಹಾ ಕುಡಿಯುತ್ತಿದ್ದ.

ಮೇದಿನಿ ಸುತ್ತುಬಳಸಲಿಲ್ಲ. ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದಳು. ಮಾಲೀಕನ ಕೋಣೆ ಇರುವುದು ಹಡಗಿನ ಮೇಲಂತಸ್ತಿನಲ್ಲಿ, ಅಲ್ಲಿಗೆ ನೀರು ಏರಿಯೇ ಇಲ್ಲ; ಫೋಟೊ ಕೆಳಗೆ ಬಂದದ್ದು ಆ ಸಂಜೆಯಷ್ಟೇ. ಹಾಗಿದ್ದರೂ ಫೋಟೊ ನೆನೆದದ್ದು ಕಾಕಾಗೆ ಗೊತ್ತಿತ್ತು. ಆ ರಾತ್ರಿ ಕೆಳಗಿಳಿದು ಅದನ್ನು ಅಲ್ಲಿ ಕಂಡವರು ಮಾತ್ರ ಹಾಗೆ ಕೇಳಲು ಸಾಧ್ಯ. ಏಜೆಂಟ್ ಬಳಿಯೂ ಒಂದು ಕೀಲಿ ಇರುತ್ತದೆ. ಬಂದರಿಗೆ ಏಜೆಂಟರು ಬಂದು ಹೋಗುವುದು ದಿನದ ಮಾತಾದ್ದರಿಂದ ಯಾರೂ ಗಮನಿಸಿರಲಿಲ್ಲ, ಆದರೆ ಹಡಗನ್ನು ಒಮ್ಮೆಯೂ ನೋಡಲಾಗಲಿಲ್ಲ ಎಂದಿದ್ದವರ ಮುಖ ಆ ರಾತ್ರಿ ಗೇಟಿನ ಕ್ಯಾಮೆರಾದಲ್ಲಿ ನಿಚ್ಚಳವಾಗಿತ್ತು.

ನೀಲಕಂಠಪ್ಪನವರು ಅಲ್ಲಗಳೆಯಲಿಲ್ಲ, ಕಾರಣ ಹೇಳಿದರು. ತಮ್ಮನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುತ್ತೇನೆಂದು ಯೋಖೆನ್ ವರ್ಷಗಟ್ಟಲೆ ಆಸೆ ತೋರಿಸಿದ್ದ. ಹೋದ ತಿಂಗಳು ಸದ್ದಿಲ್ಲದೆ ಹಡಗನ್ನು ತಮ್ಮನ ಮಗನ ಹೆಸರಿಗೆ ಬರೆದಿದ್ದ. ಅದು ಇವರ ಕಿವಿಗೆ ಬಿದ್ದದ್ದು ಬೇರೆಯವರ ಬಾಯಿಂದ. ಯೋಖೆನ್ ತಲೆ ತಗ್ಗಿಸಿದ.

“ಮತ್ತೆ ನನ್ನನ್ನ ಯಾಕೆ ಕರೆಸಿದ್ರಿ ಕಾಕಾ?” ಕನ್ನಡದಲ್ಲಿ ಕೇಳಿದಳು ಮೇದಿನಿ.

“ನೀ ನನ್ನ ಮ್ಯಾಲೆ ಸಂಶೆ ಪಡಾಕಿ ಅಲ್ಲ ಅಂತ.”

ಅವಳು ಮುಖ ತಿರುಗಿಸಿಕೊಂಡಳು. ಪೊಲೀಸಿನವನು ಎದ್ದು ಬಂದ. ಆಗ ಯೋಖೆನ್ ಬಾಯಿಬಿಟ್ಟ. ಅಲ್ಲಿ ನನ್ನ ಮಾರ್ಟಾಳನ್ನು ನೋಡಿದೆಯಲ್ಲ, ಎತ್ತಿ ಮೇಲಿಡಬೇಕು ಅನ್ನಿಸಲಿಲ್ಲವೇ ಎಂದು ಕೇಳಿದ. ನೀಲಕಂಠಪ್ಪನವರು ಪೊಲೀಸಿನವನ ಹಿಂದೆ ನಡೆದರು.

ಸಂಜೆ ರೊದ್ರಿಗೊನ ಬಿಡುಗಡೆಯಾಯಿತು. ಯೋಖೆನ್ ತಾನೇ ಹೋಗಿ ಠಾಣೆಯ ಬಾಗಿಲಲ್ಲಿ ಕಾದಿದ್ದು, ಕ್ಷಮೆ ಕೇಳಿ ಕೈ ಚಾಚಿದ. ರೊದ್ರಿಗೊ ಆ ಕೈಯನ್ನೊಮ್ಮೆ ನೋಡಿದ. ಹಿಡಿಯಲಿಲ್ಲ. ಚೀಲ ಹೆಗಲಿಗೇರಿಸಿಕೊಂಡು, ಬಸ್ ಸ್ಟಾಪ್ ಯಾವ ಕಡೆ ಎಂದು ಮೇದಿನಿಯನ್ನು ಕೇಳಿ, ಅವಳು ತೋರಿಸಿದ ದಾರಿ ಹಿಡಿದು ಹೊರಟುಹೋದ.