ಕೆಂಪಿಯನ್ನು ಕೆಡವಿದವರು ಯಾರು?

ಹೊದಿಕೆ ಸರಿಸಿದ ಸೊಸೆ ಹಾಗೆಯೇ ನಿಂತುಬಿಟ್ಟಳು.

ಮೇಜಿನ ಮೇಲೆ ಕೆಂಪಿ—ನಮ್ಮ ಕ್ಲಬ್ಬಿನ ರಿಮೋಟ್ ಹೆಲಿಕಾಪ್ಟರು. ರೆಕ್ಕೆಗಳೆರಡೂ ಚೂರುಚೂರು. ಬಾಲ ಮುರಿದು ವೈರಿನಲ್ಲಿ ನೇತಾಡುತ್ತಿತ್ತು. ಶೆಡ್ಡಿನ ಬೀಗ ಮಾತ್ರ ಭದ್ರವಾಗಿತ್ತು; ಅದನ್ನು ಈಗಷ್ಟೇ ಅವಳೇ ತೆಗೆದಿದ್ದಳು.

ಅಂದು ಮಧ್ಯಾಹ್ನವೇ ಗಾಳಿ ಪಂದ್ಯ. ಬೀಸುವ ಗಾಳಿಯಲ್ಲಿ ಹೆಲಿಕಾಪ್ಟರನ್ನು ಸುಣ್ಣದ ವೃತ್ತದ ಮೇಲೆ ಅಲುಗದಂತೆ ನಿಲ್ಲಿಸಬೇಕು. ನಮ್ಮ ಕಡೆಯಿಂದ ಹಾರಿಸುವವಳು ನನ್ನ ಸೊಸೆ, ಹಲ್ಲಿನ ಡಾಕ್ಟರು. ಮೊದಲೇ ಹೇಳಿಬಿಡುತ್ತೇನೆ, ಅವಳ ವಿಷಯ ಬಂದರೆ ನಾನು ಬಡಾಯಿ ಕೊಚ್ಚುವವನೇ. ಜೀವಮಾನವೆಲ್ಲ ಬಸ್ಸು ಓಡಿಸಿದವನಿಗೆ ಸ್ಥಿರವಾದ ಕೈಯ ಬೆಲೆ ಗೊತ್ತಿರುತ್ತದೆ.

"ಬೀಗದ ಕೈ ಯಾರ್ಯಾರ ಹತ್ರ ಇದೆಯಮ್ಮಾ?"

"ಮೂರೇ ಮಾವ. ನನ್ನ ಹತ್ರ, ಅಧ್ಯಕ್ಷರ ಹತ್ರ, ಡ್ರೈವಿಂಗ್ ಸ್ಕೂಲಿನವರ ಹತ್ರ."

ಬೆವರು ಒರೆಸಲು ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದೆ. ಮೊದಲು ಸಿಕ್ಕಿದ್ದು ಹಳದಿ ಪ್ಲಾಸ್ಟಿಕ್ ಚೆಂಡು. ಗೇಟಿನಿಂದ ಬರುವಾಗ ಹುಲ್ಲಿನಲ್ಲಿ ಬಿದ್ದಿತ್ತು, ಮನೆಯ ಬೆಕ್ಕಿಗೆ ಆಡಲು ಆಯಿತೆಂದು ಎತ್ತಿಕೊಂಡಿದ್ದೆ. ಅದನ್ನು ಮತ್ತೆ ಒಳಕ್ಕೆ ತುರುಕಿದೆ.

ಅಷ್ಟರಲ್ಲಿ ಅವರಿಬ್ಬರೂ ಬಂದರು. ಅಧ್ಯಕ್ಷರಿಗೆ ಪೇಟೆಯಲ್ಲಿ ಪೀಠೋಪಕರಣದ ಅಂಗಡಿಯಿದೆ. ಈ ಕ್ಲಬ್ಬನ್ನು ಕಟ್ಟಿದವರೇ ಅವರು. ಪಂದ್ಯಕ್ಕೆ ಮೊದಲು ತಾವೇ ಕೆಂಪಿಯನ್ನು ಹಾರಿಸಿ ಉದ್ಘಾಟನೆ ಮಾಡುವುದಾಗಿ ಎಲ್ಲ ಕ್ಲಬ್ಬುಗಳಿಗೂ ಸಾರಿದ್ದರು. ಡ್ರೈವಿಂಗ್ ಸ್ಕೂಲಿನವರು ಹಾರಿಸುವುದರಲ್ಲಿ ನಮ್ಮ ಕ್ಲಬ್ಬಿನ ಎರಡನೆಯ ಕೈ. ಸೊಸೆ ಇಲ್ಲದಿದ್ದರೆ ಪಂದ್ಯದಲ್ಲಿ ಹಾರಿಸುವವರು ಅವರೇ.

ಅಧ್ಯಕ್ಷರು ಕೆಂಪಿಯನ್ನು ನೋಡಿದರು, ಆಮೇಲೆ ಸೊಸೆಯನ್ನು.

"ನಿನ್ನೆ ಸಂಜೆ ಕೊನೆಗೆ ಹೋದವರು ಯಾರು ಡಾಕ್ಟ್ರೇ?"

"ನಾನೇ ಸಾರ್. ಬ್ಯಾಟರಿ ಚಾರ್ಜಿಗೆ ಹಾಕಿದ್ದೆ."

"ಗಾಳಿ?"

"ಜೋರಾಗೇ ಇತ್ತು."

"ಗಾಳಿ ಜೋರಾಗಿ ಕಂಬದ ಮೇಲಿನ ಗಾಳಿಚೀಲ ಅಡ್ಡಡ್ಡ ನಿಂತಾಗ ಯಾರೂ ಅಭ್ಯಾಸ ಮಾಡಬಾರದು ಅಂತ ನಿಯಮ. ಆ ನಿಯಮ ಬೇಡ ಅಂತ ನನ್ನ ಜೊತೆ ಜಗಳ ಆಡಿದ್ದು ಯಾರು?"

"ಅದೂ ನಾನೇ. ಗಾಳೀಲಿ ಕಲೀದೆ ಗಾಳೀಲಿ ಹಾರಿಸೋದು ಹೇಗೆ ಅಂತ ಕೇಳಿದ್ದೆ."

"ಇನ್ನು ನಾನೇನು ಹೇಳ್ಲಿ? ಇವತ್ತು ನೀವು ಹಾರಿಸೋದು ಬೇಡ. ಕ್ಲಬ್ಬಲ್ಲಿ ಇರ್ಬೇಕಾ ಬೇಡ್ವಾ ಅಂತ ಆಮೇಲೆ ನೋಡೋಣ."

ನನಗೆ ಮೈಯೆಲ್ಲ ಉರಿದುಹೋಯಿತು. ಯಾರದೋ ಕೆಲಸಕ್ಕೆ ನಮ್ಮ ಹುಡುಗಿಯ ತಲೆಯ ಮೇಲೆ ಗೂಬೆ ಕೂರಿಸುವುದೇ? ಬಾಯಿ ತೆರೆದೆ. ಸೊಸೆ ನನ್ನ ತೋಳು ಮುಟ್ಟಿದಳು.

"ಒಂದು ನಿಮಿಷ ಮಾವ."

ರೋಗಿಯ ಬಾಯಿ ನೋಡುವ ಹಾಗೆ ಬಗ್ಗಿ ಕೆಂಪಿಯನ್ನು ನೋಡಿದಳು. ಟಾರ್ಚು ಹಾಕಿ ಹೊಟ್ಟೆಯಡಿ ನೋಡಿದಳು. ಅವಸರವೇ ಇಲ್ಲ.

"ಇದನ್ನ ಯಾರೂ ಎತ್ತರಕ್ಕೆ ಹಾರಿಸಿಲ್ಲ," ಎಂದಳು.

"ಹೇಗೆ ಹೇಳ್ತೀರಿ?" ಡ್ರೈವಿಂಗ್ ಸ್ಕೂಲಿನವರು ಕೇಳಿದರು.

"ಕಾಲು ನೋಡಿ. ಮೇಲಿಂದ ಬಿದ್ದಿದ್ರೆ ಮೊದಲು ಮುರಿಯೋದು ಕಾಲು. ಇಲ್ಲಿ ಒಂದು ಬಿರುಕೂ ಇಲ್ಲ. ನೆಲದ ಹತ್ರಾನೇ ಮಗುಚಿದೆ. ರೆಕ್ಕೆ ನೆಲಕ್ಕೆ ಹೊಡೆದು, ಹಾಗೇ ಬಾಲನೂ ಕಡಿದುಹಾಕಿದೆ." ಟಾರ್ಚಿನ ಬೆಳಕು ಸರಿಯಿತು. "ಇನ್ನೊಂದು—ಕಾಲಿನ ಮೇಲೆಲ್ಲ ಧೂಳಿದೆ, ನಾಲ್ಕು ಕಡೆ ಮಾತ್ರ ಪಟ್ಟಿ ಪಟ್ಟಿಯಾಗಿ ಅಳಿಸಿದೆ. ಯಾಕೆ?"

"ಏನಾದ್ರೂ ಕಟ್ಟಿದ್ರೇನೋ."

"ಏನು ಕಟ್ಟಿರಬಹುದು?"

ಅಧ್ಯಕ್ಷರು ಗಡಿಯಾರ ನೋಡಿಕೊಂಡರು.

"ನಾನು ಹಾರಿಸದಿದ್ರೆ ಲಾಭ ನಿಮಗೇ ಅಲ್ವಾ?" ಸೊಸೆ ಡ್ರೈವಿಂಗ್ ಸ್ಕೂಲಿನವರನ್ನೇ ಕೇಳಿದಳು.

"ನನ್ನ ಮೇಲೆ ಅನುಮಾನಾನಾ? ಕೆಂಪಿ ಮುರಿದ್ರೆ ನಾನು ಯಾವುದನ್ನ ಹಾರಿಸ್ಲಿ?"

"ಅದು ಸರಿ." ಅವಳು ನನ್ನತ್ತ ತಿರುಗಿದಳು. "ಮಾವ, ಬರುವಾಗ ಬೆಕ್ಕಿಗೆ ಅಂತ ಎತ್ತಿಕೊಂಡ್ರಲ್ಲ, ಅದನ್ನ ಕೊಡಿ."

ನಾನು ಬೆಪ್ಪಾಗಿ ಚೆಂಡನ್ನು ಕೊಟ್ಟೆ. ಅದರ ಒಂದು ಪಕ್ಕದಲ್ಲಿ ತೂತಿತ್ತು. ಬೆಕ್ಕಿನ ಆಟಿಕೆಗೆ ತೂತೇಕೆಂದು ನಾನು ಯೋಚಿಸಿಯೇ ಇರಲಿಲ್ಲ.

ಸೊಸೆ ಶೆಡ್ಡಿನ ಮೂಲೆಯಿಂದ ಎರಡು ಉದ್ದನೆಯ ಕೋಲುಗಳನ್ನು ತಂದಳು. ಅವುಗಳ ಮೂರು ತುದಿಗಳಲ್ಲಿ ಹಳದಿ ಚೆಂಡು. ನಾಲ್ಕನೆಯ ತುದಿ ಬೋಳು, ಅದಕ್ಕೆ ಹಸಿಮಣ್ಣು ಮೆತ್ತಿತ್ತು.

"ಇದು ಕಲಿಯೋರ ಕೋಲು ಮಾವ. ಕಾಲಿನ ಕೆಳಗೆ ಅಡ್ಡಡ್ಡ ಕಟ್ಟಿಕೊಂಡ್ರೆ ಹೆಲಿಕಾಪ್ಟರ್ ನೆಲದ ಮೇಲೆ ಜಾರುತ್ತೆ, ಮಗುಚಲ್ಲ. ಮಕ್ಕಳ ಸೈಕಲ್ಲಿಗೆ ಪಕ್ಕದ ಚಕ್ರ ಇದ್ದ ಹಾಗೆ. ಆದ್ರೆ ಜೋರು ಗಾಳೀಲಿ ಇದನ್ನ ಕಟ್ಟಬಾರದು. ಗಾಳಿ ಪಕ್ಕಕ್ಕೆ ತಳ್ಳಿದೆ, ಚೆಂಡು ಹುಲ್ಲಿಗೆ ಸಿಕ್ಕಿ ಕಳಚಿದೆ, ಬೋಳು ಕೋಲು ನೆಲಕ್ಕೆ ನಾಟಿದೆ. ಅಲ್ಲಿಗೆ ಕೆಂಪಿ ಕಥೆ ಮುಗೀತು. ಆಮೇಲೆ ಕೋಲು ಬಿಚ್ಚಿ, ಮೂಲೇಲಿಟ್ಟು, ಹೊದಿಕೆ ಹೊದಿಸಿ, ಬೀಗ ಹಾಕಿದ್ದಾರೆ."

"ನನಗ್ಯಾಕ್ರೀ ಕೋಲು?" ಡ್ರೈವಿಂಗ್ ಸ್ಕೂಲಿನವರು ನಕ್ಕರು. "ನಾನು ತಲೆಕೆಳಗಾಗೇ ಹಾರಿಸ್ತೀನಿ."

"ನನಗೂ ಬೇಡ. ಹೊಸಬರಿಗೆ ಬೇಕು, ಅವರ ಹತ್ರ ಬೀಗದ ಕೈ ಇಲ್ಲ." ಸೊಸೆಯ ದನಿ ಮೆಲ್ಲಗಾಯಿತು. "ಉಳಿದಿದ್ದು ಒಂದೇ ಬೀಗದ ಕೈ."

ಅಧ್ಯಕ್ಷರ ಮುಖ ಕೆಂಪಾಯಿತು. "ನನಗೇ ಹೇಳ್ತೀರಾ? ಈ ಕ್ಲಬ್ ಕಟ್ಟಿದೋನು ನಾನು."

"ಹೌದು ಸಾರ್. ಆದ್ರೆ ನೀವು ಹಾರಿಸಿದ್ದನ್ನ ನಮ್ಮಲ್ಲಿ ಯಾರಾದ್ರೂ ನೋಡಿದೀವಾ?"

ನಾನೂ ಡ್ರೈವಿಂಗ್ ಸ್ಕೂಲಿನವರೂ ಮುಖ ಮುಖ ನೋಡಿಕೊಂಡೆವು. ಗಾಳಿಯಿಲ್ಲದ ದಿನ ಅಧ್ಯಕ್ಷರು ಮೀಸೆ ತಿರುವುತ್ತ, "ಇಂಥದ್ರಲ್ಲಿ ಹಾರಿಸೋದೂ ಒಂದು ಹಾರಿಸೋದಾ?" ಎನ್ನುತ್ತಿದ್ದರು. ಗಾಳಿ ಬಂದ ದಿನ ಗಾಳಿಚೀಲ ತೋರಿಸಿ ನಿಯಮ ಹೇಳುತ್ತಿದ್ದರು. ಎರಡರ ನಡುವೆ ಅವರ ಕೈಗೆ ರಿಮೋಟ್ ಬಂದದ್ದೇ ಇಲ್ಲ. ಇಷ್ಟು ಕಾಲ ಅದು ನಮ್ಮ ತಲೆಗೆ ಹೊಳೆಯಲೂ ಇಲ್ಲ.

ಸೊಸೆ ಕಪಾಟಿನಿಂದ ಅಂಗೈಯಗಲದ ಪುಟ್ಟ ಹೆಲಿಕಾಪ್ಟರನ್ನು ತೆಗೆದಿಟ್ಟು ರಿಮೋಟನ್ನು ಅವರ ಕೈಗಿತ್ತಳು. "ಇಲ್ಲೇ ಎತ್ತಿ ತೋರಿಸಿ ಸಾರ್. ಒಳಗೆ ಗಾಳಿನೂ ಇಲ್ಲ. ನಾನು ತಪ್ಪು ಅಂತಾದ್ರೆ ಈಗಲೇ ಕ್ಷಮೆ ಕೇಳ್ತೀನಿ."

ಅಧ್ಯಕ್ಷರು ರಿಮೋಟ್ ಹಿಡಿದು ನಿಂತರು. ಕೊನೆಗೆ ಅದನ್ನು ಮೇಜಿನ ಮೇಲಿಟ್ಟರು.

"ಬೆಳಗಿನ ಜಾವ ಬಂದಿದ್ದೆ," ಎಂದರು. "ಉದ್ಘಾಟನೆಗೆ ಒಂದು ಮೊಳ ಎತ್ತಿದ್ರೂ ಸಾಕಿತ್ತು. ಗಾಳಿ ಎದ್ದುಬಿಡ್ತು. ಅಧ್ಯಕ್ಷನಿಗೇ ಹಾರಿಸೋಕೆ ಬರಲ್ಲ ಅಂತ ಹೇಗೆ ಹೇಳ್ಕೊಳ್ಳಲಿ ಡಾಕ್ಟ್ರೇ?"

"ಬರಲ್ಲ ಅನ್ನೋದು ತಪ್ಪಲ್ಲ ಸಾರ್. ಅದನ್ನ ನನ್ನ ಮೇಲೆ ಹಾಕಿದ್ದು ತಪ್ಪು. ಭಾನುವಾರ ಬನ್ನಿ, ಕಲಿಸ್ತೀನಿ. ಈಗ ಕಪಾಟಲ್ಲಿರೋ ಹೊಸ ರೆಕ್ಕೆ, ಬಾಲದ ಡಬ್ಬ ಕೊಡಿ, ಹೊತ್ತಾಗ್ತಿದೆ."

ಮೂವರೂ ಸೇರಿ ಕೆಂಪಿಯನ್ನು ರಿಪೇರಿ ಮಾಡಿದರು. ಸ್ಕ್ರೂ ಎತ್ತಿಕೊಡುವ ಕೆಲಸ ನನ್ನದು. ಹಳದಿ ಚೆಂಡು ಮತ್ತೆ ನನ್ನ ಜೇಬು ಸೇರಿತು.

ಮಧ್ಯಾಹ್ನ ಗಾಳಿಚೀಲ ಅಡ್ಡಡ್ಡ ನಿಂತಿತ್ತು. ಮೈದಾನದ ತುಂಬ ಜನ. ಅಧ್ಯಕ್ಷರು ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಂಡರು.

"ಉದ್ಘಾಟನೆಗೆ ನಾನು ಹಾರಿಸ್ತೀನಿ ಅಂದಿದ್ದೆ. ನನಗೆ ಹಾರಿಸೋಕೆ ಬರಲ್ಲ. ಬೆಳಿಗ್ಗೆ ಕೆಂಪಿಯನ್ನ ಕೆಡವಿದೋನೂ ನಾನೇ. ನಮ್ಮ ಡಾಕ್ಟ್ರಿಗೆ ಬರುತ್ತೆ, ನೋಡಿ."

ಕೆಂಪಿ ಎದ್ದಿತು. ಮೂಗನ್ನು ಗಾಳಿಗೆ ಕೊಟ್ಟು, ತುಸು ಬಾಗಿ, ಸುಣ್ಣದ ವೃತ್ತದ ಮೇಲೆ ಮೊಳೆ ಹೊಡೆದಂತೆ ನಿಂತಿತು. ಜನರ ಟೋಪಿಗಳು ಹಾರಿಹೋಗುತ್ತಿದ್ದವು, ಅದು ಮಾತ್ರ ಕದಲಲಿಲ್ಲ. ನನ್ನ ಕಣ್ಣು ತುಂಬಿ ಬಂತು.

"ಯಾರು ಯಜಮಾನ್ರೇ ಆಕೆ?" ಪಕ್ಕದವರು ಕೇಳಿದರು.

"ನಮ್ಮ ಮನೆ ಸೊಸೆ," ಎಂದೆ. ಅವರು ಬೇರೇನೂ ಕೇಳದಿದ್ದರೂ ಜೇಬಿನಿಂದ ಹಳದಿ ಚೆಂಡು ತೆಗೆದು, ಬೆಳಗಿನ ಕಥೆಯನ್ನೆಲ್ಲ ಮೊದಲಿನಿಂದ ಶುರುಮಾಡಿದೆ.