ಅವಳ ಹಗ್ಗ ಅವನು ಹಿಡಿಯಲಿಲ್ಲ

"ಕೈ ಸೋತಾವ ನಿಮ್ಮವು. ಬಿಟ್ಟಬಿಡ್ರಿ, ಹಗ್ಗ ನಾ ಹಿಡದೀನಿ."

ಮೂವತ್ತು ಅಡಿ ಎತ್ತರದ ಗೋಡೆಗೆ ಅಂಟಿಕೊಂಡಿದ್ದ ರೂಪಾಲಿ ಬೆಚ್ಚಿದಳು. ಮುಂಬಯಿಯ ಭಾಂಡುಪ್‌ನ ಹಳೆಯ ಕಾರ್ಖಾನೆ ಶೆಡ್ಡಿನಲ್ಲಿ ಹಾಕಿದ್ದ ಟಿವಿ ಶೋ ಸೆಟ್ಟು ಅದು. ಹಿಂದಿ ಮರಾಠಿಗಳ ಗದ್ದಲದ ನಡುವೆ ಕೆಳಗಿನಿಂದ ಕನ್ನಡ ಕೇಳಿಬರಬಹುದೆಂದು ಅವಳು ಎಣಿಸಿರಲಿಲ್ಲ.

ಬಹುಶಃ ತಾನು 'ಯವ್ವಾ' ಅಂದದ್ದು ಅವನ ಕಿವಿಗೆ ಬಿದ್ದಿರಬೇಕು...

"ನಾ ಯಾರ ಹಗ್ಗದ ಮ್ಯಾಲೂ ಭರವಸೆ ಇಡಂಗಿಲ್ರಿ," ಎಂದಳು, ತಲೆ ತಿರುಗಿಸದೆಯೇ.

ಒಂದೊಂದೇ ಗೂಟ ಹಿಡಿದು ತಾನೇ ಇಳಿದು ಬಂದಳು. ಕೆಳಗೆ ನಿಂತಿದ್ದವನು ಹಗ್ಗ ಸುತ್ತಿಕೊಂಡ. ತುಟಿಯ ಮೂಲೆಯಲ್ಲಿ ಮಾತ್ರ ಸಣ್ಣ ನಗು.

ಅವನೇ ಶರಣ. ವಿಜಯಪುರದ ಕಡೆಯವನು, ಮನೆ ಕುರ್ಲಾದ ಚಾಳಿನಲ್ಲಿ. ಸ್ಪರ್ಧಿಗಳ ಸೊಂಟಕ್ಕೆ ಪಟ್ಟಿ ಕಟ್ಟಿ, ಅವರು ಮೇಲೆ ಹತ್ತಿದಾಗ ಕೆಳಗೆ ಹಗ್ಗ ಹಿಡಿದು ನಿಲ್ಲುವ ಕೆಲಸ.

ಆ ಶೋದಲ್ಲಿ ಬೇರೆ ಆಟಗಳು ಬದಲಾಗುತ್ತಿದ್ದವು, ಗೋಡೆ ಮಾತ್ರ ಪ್ರತಿ ವಾರ ಬರುತ್ತಿತ್ತು. ವಾರದಿಂದ ವಾರಕ್ಕೆ ಇನ್ನಷ್ಟು ಮುಂದಕ್ಕೆ ಬಾಗುತ್ತಿತ್ತು. ಅದಕ್ಕೆ ಜೋತುಬಿದ್ದು ಕೊನೆಯವರೆಗೆ ಉಳಿದವರು ಆ ವಾರ ಪಾರು. ಸ್ಪರ್ಧಿಗಳಿಗಿಂತ ಮೊದಲು ಹತ್ತಿ, ಗೋಡೆ ಸರಿಯಿದೆಯೇ ಎಂದು ನೋಡುವ ಟೆಸ್ಟರ್ ರೂಪಾಲಿ. ಅವಳ ಮುಖ ಟಿವಿಯಲ್ಲಿ ಬರುವುದಿಲ್ಲ. ಆದರೂ ಮುಲುಂಡ್‌ನ ಮನೆಯಲ್ಲಿ ಅವಳ ತಾಯಿ ಕಾಶವ್ವ ಪ್ರತಿ ಶನಿವಾರ ಕನ್ನಡಕ ಹಾಕಿಕೊಂಡು ಕೂತು, ಮಗಳ ಕೈಯಾದರೂ ಕಂಡೀತೇ ಎಂದು ಹುಡುಕುತ್ತಿದ್ದಳು.

ಶಾಲೆಯ ಪಿ.ಟಿ. ಟೀಚರ್ ಕೆಲಸ ಬಿಟ್ಟು ರೂಪಾಲಿ ಇಲ್ಲಿಗೆ ಬಂದಿದ್ದಳು. ಹತ್ತುವುದೊಂದೇ ಅವಳಿಗೆ ನೆಮ್ಮದಿ ಕೊಡುವ ಕೆಲಸ. ನೆಲದ ಮೇಲೆ ಅವಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಆದರೆ ಬೀಳುವುದು... ಅದೊಂದು ಅವಳಿಗೆ ಆಗದು.

ಹದಿಮೂರನೆಯ ವಯಸ್ಸಿನಲ್ಲಿ ಹಗ್ಗದ ಮಲ್ಲಕಂಬ ಆಡುತ್ತಿದ್ದಾಗ, ಕೆಳಗಿದ್ದ ಜೊತೆಗಾರ 'ಹಾರು, ನಾನಿದ್ದೇನೆ' ಅಂದಿದ್ದ. ಹಾರಿದಳು. ಅವನು ಫೋಟೋ ತೆಗೆಯುವವರ ಕಡೆ ನೋಡುತ್ತಿದ್ದ. ಹೆಗಲ ಮೂಳೆ ಮುರಿಯಿತು. ಅಂದಿನಿಂದ ಅವಳು ನಂಬಿದ್ದು ತನ್ನ ಬೆರಳುಗಳನ್ನು ಮಾತ್ರ.

ವಾರಗಳು ಉರುಳಿದವು. ಶರಣನ ಹಗ್ಗ ಅವಳ ಬೆನ್ನಿಗೆ ಪರಿಚಯವಾಯಿತು. ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಅವಳು ಉಸಿರೆಳೆದುಕೊಂಡರೆ ಹಗ್ಗವೂ ಒಂದಿಷ್ಟು ಸರಿಯುತ್ತಿತ್ತು. ಎಷ್ಟೋ ಸಲ ಅವಳಿಗೆ ಅನಿಸುತ್ತಿತ್ತು, ಇವನ ಕೈಯಲ್ಲಾದರೆ ಒಂದು ದಿನ ಬಿದ್ದುಬಿಡಬಹುದೇನೋ...

ಆರನೆಯ ವಾರ ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ಅವನಿಗೂ ಕೊಟ್ಟಳು. ಅವನು ಕೊನೆಯ ತುಣುಕನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದ. ಮುಂಬಯಿಗೆ ಬಂದ ಮೇಲೆ ಯಾರೂ ತನಗೆ ಇಂಥ ಊಟ ಎತ್ತಿಟ್ಟು ತಂದಿರಲಿಲ್ಲವೆಂದು ಹೇಳಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಡಬ್ಬಿ ಮುಚ್ಚಿದರು.

ಅಂದೇ ಮಧ್ಯಾಹ್ನ ಗೋಡೆಯ ಮೇಲೆ ಅವಳ ಕಾಲು ಒಂದು ಗೂಟ ಜಾರಿತು. ಕೈಯಲ್ಲೇ ತಡೆದುಕೊಂಡಳು. ಹಗ್ಗ ಬಿಗಿಯಾದದ್ದು ಅರೆಕ್ಷಣ ತಡವಾಗಿ. ಬೇರೆ ಯಾರೂ ಗಮನಿಸಲಿಲ್ಲ. ಆದರೆ ಕೆಳಗಿಳಿದಾಗ ಶರಣನ ಮುಖ ಸುಣ್ಣದಂತಾಗಿತ್ತು.

ಮರುದಿನದಿಂದ ಅವಳ ಹಗ್ಗದ ಬಳಿ ಅವನಿರಲಿಲ್ಲ. ಹಗ್ಗದವರಲ್ಲೇ ಹಿರಿಯನಾದ ಶೆಟ್ಟೆಪ್ಪ ಕಾಕಾ ನಿಂತಿದ್ದ. ಶರಣ ದೂರದಲ್ಲಿ ಬೇರೇನೋ ಗಂಟು ಹಾಕುತ್ತಿದ್ದ.

ಶೋ ನೋಡಿಕೊಳ್ಳುವ ಅಮಿತ ಫೋನಿನಲ್ಲಿ ಆಡಿದ ಮಾತು ಅವಳ ಕಿವಿಗೆ ಬಿತ್ತು. ಅವಳ ಹಗ್ಗ ಹಿಡಿಯುವುದಿಲ್ಲವೆಂದು ಶರಣನೇ ಹೇಳಿದನಂತೆ!

ಅವಳು ಸೊಂಟದ ಪಟ್ಟಿಯನ್ನೂ ಬಿಚ್ಚಲಿಲ್ಲ. ನೇರ ಹೋಗಿ ಅವನೆದುರು ನಿಂತಳು.

"ನನ್ನ ಹಗ್ಗ ಯಾಕ ಬಿಟ್ರಿ?"

"ನಿಮ್ಮ ಹಗ್ಗ ನನ್ನ ಕಡಿಂದ ಆಗಂಗಿಲ್ರಿ."

ಅಷ್ಟೇ. ತಲೆ ಎತ್ತಲೂ ಇಲ್ಲ.

'ಬೀಳಲಾರದ ಹೆದರುಪುಕ್ಕಲಿ ಅಂದುಕೊಂಡಿದ್ದಾನೆ. ಬೇಸತ್ತುಹೋಗಿದ್ದಾನೆ...' ಆ ದಿನ ಲೋಕಲ್‌ನಲ್ಲಿ ಸೀಟು ಸಿಕ್ಕಿದರೂ ಅವಳು ಕೂರಲಿಲ್ಲ. ಬಾಗಿಲ ಕಂಬ ಹಿಡಿದು ಮುಲುಂಡ್‌ವರೆಗೂ ನಿಂತೇ ಇದ್ದಳು. ಮನೆಯಲ್ಲಿ ಅಡುಗೆಮನೆಗೂ ಕಿಟಕಿಗೂ ಓಡಾಡಿದಳು. ಕಾಶವ್ವ ಕೇಳಿದ್ದಕ್ಕೆ ಕೈ ನೋವು ಅಂದಳು. ತಾಯಿ ಎಣ್ಣೆ ಹಚ್ಚಿದಳು.

ಏಳನೆಯ ವಾರ ಗೋಡೆ ಎಷ್ಟು ಬಾಗಿತೆಂದರೆ ಅದರಿಂದ ಯಾರೂ ಇಳಿದು ಬರುವಂತಿರಲಿಲ್ಲ. ಹತ್ತಿದವರು ಬೀಳಲೇಬೇಕು. ಇಲ್ಲಿಯವರೆಗೆ ಮರಳಿನ ಚೀಲ ಕಟ್ಟಿ ಬೀಳಿಸಿ ಹಗ್ಗ ಪರೀಕ್ಷಿಸುತ್ತಿದ್ದರು. ಈಗ ವಿಮೆಯವರು ಪಟ್ಟು ಹಿಡಿದರು, ಮನುಷ್ಯರೇ ಬಿದ್ದು ತೋರಿಸಬೇಕು.

ಬುಧವಾರ ಹತ್ತಿದಳು. ತುದಿ ಮುಟ್ಟಿದಳು. ಕೈ ಬಿಡಲು ಆಗಲಿಲ್ಲ.

ಹತ್ತು ನಿಮಿಷ. ಹದಿನೈದು ನಿಮಿಷ. ಕೊನೆಗೆ ಏಣಿ ತರಿಸಿ ಇಳಿಸಿಕೊಂಡರು. ಲೈಟಿನವರೆಲ್ಲ ನೋಡುತ್ತಿದ್ದರು. ಶರಣ ಮಾತ್ರ ಗೋಡೆಗೆ ಬೆನ್ನು ಹಾಕಿ ನಿಂತಿದ್ದ.

ಶುಕ್ರವಾರ ಬೀಳದಿದ್ದರೆ ಬೇರೆ ಟೆಸ್ಟರ್ ಬರುತ್ತಾರೆ, ಮುಂದಿನ ಸೀಸನ್‌ಗೂ ಅವರೇ, ಎಂದು ಅಮಿತ ಮೆಲ್ಲಗೇ ಹೇಳಿದ. ಆ ಮೆಲುದನಿಯೇ ಅವಳಿಗೆ ಹೆಚ್ಚು ಚುಚ್ಚಿತು.

ಗುರುವಾರ ಅವಳಿಗೆ ರಜೆ. ಒಂಬತ್ತಕ್ಕೇ ಚಪ್ಪಲಿ ಮೆಟ್ಟಿದಳು, ಬಿಚ್ಚಿದಳು, ಮತ್ತೆ ಮೆಟ್ಟಿದಳು. ಹನ್ನೊಂದರ ಹೊತ್ತಿಗೆ ಕುರ್ಲಾದಲ್ಲಿ ಇಳಿದಿದ್ದಳು. ಒಂದೇ ಒಂದು ದಿನ, ಶುಕ್ರವಾರವೊಂದೇ ದಿನ ಹಗ್ಗ ಹಿಡಿ ಎಂದು ಶರಣನನ್ನು ಕೇಳಬೇಕು. ಅವನು ಹಿಡಿದರೆ ಬಿದ್ದಾಳು. ಆಮೇಲೆ ಅವನು ಮುಖ ನೋಡದಿದ್ದರೂ ಸರಿ...

ಶರಣನ ಚಾಳಿನ ಹತ್ತಿರವೇ ಹಗ್ಗದವರ ಗೋದಾಮು. ಅಲ್ಲಿ ಅವನಿರಲಿಲ್ಲ. ಶೆಟ್ಟೆಪ್ಪ ಕಾಕಾ ನೆಲದ ಮೇಲೆ ಕೂತು ಹಗ್ಗವನ್ನು ಗೇಣು ಗೇಣಾಗಿ ಬೆರಳಲ್ಲಿ ಸವರಿ, ಎಳೆ ಬಿಟ್ಟಿದೆಯೇ ಎಂದು ನೋಡುತ್ತಿದ್ದ. ಅವಳು ನಿಂತಲ್ಲೇ ಎಲ್ಲ ಹೇಳಿಕೊಂಡಳು.

ಕಾಕಾ ಹಗ್ಗ ಕೆಳಗಿಟ್ಟ. "ನಿನಗ ಯಾರೂ ಹೇಳಿಲ್ಲೇನವಾ? ನಮ್ಮ ಹಗ್ಗದ ಮಂದಿದೊಂದು ರೂಢಿ ಐತಿ. ಮನಿಯವರ ಹಗ್ಗ ನಾವು ಹಿಡಿಯಂಗಿಲ್ಲ. ನಾ ನನ್ನ ತಮ್ಮಂದೂ ಹಿಡದಿಲ್ಲ."

"ಯಾಕ, ಕಾಕಾ?"

"ಕಣ್ಣು ಹಗ್ಗದ ಮ್ಯಾಲ ಇರಬೇಕು. ಹತ್ತಿದವರ ಮಾರಿ ಮ್ಯಾಲ ಹೋತಂದ್ರ, ಕೈ ತಡಾ ಆಗತೈತಿ."

ಅರೆಕ್ಷಣದ ಆ ತಡ... ಸುಣ್ಣದಂತಾದ ಆ ಮುಖ...

"ಆದ್ರ ನಾ ಅವರ ಮನಿಯಾಕಿ ಅಲ್ಲಲ್ಲ," ಎಂದಳು ರೂಪಾಲಿ.

ಕಾಕಾ ಮತ್ತೆ ಹಗ್ಗ ಕೈಗೆತ್ತಿಕೊಂಡ. "ಅದನ್ನ ನನಗ್ಯಾಕ ಹೇಳ್ತಿ? ಹಗ್ಗ ಬಿಟ್ಟಾಂವ ಬ್ಯಾರೇದಾಂವ."

ಅವಳು ಶರಣನಿಗಾಗಿ ಕಾಯಲಿಲ್ಲ. ಕಾಯುವ ತಾಳ್ಮೆ ಕಾಲಿಗಿರಲಿಲ್ಲ. ಸ್ಟೇಷನ್ನಿನ ಸೇತುವೆಯ ಮೇಲೆ ಜನ ನೂಕುತ್ತಿದ್ದರು. ಅವಳು ಒಂದು ಕಡೆ ಕಂಬಿ ಹಿಡಿದು ನಿಂತು ಅತ್ತಳು, ನಕ್ಕಳು, ಎರಡು ಟ್ರೇನು ಬಿಟ್ಟಳು. 'ಅಂದು ನನ್ನನ್ನು ಬೀಳಿಸಿದವನಿಗೆ ತನ್ನ ಕಣ್ಣು ಬೇರೆಡೆ ಹೋದದ್ದೇ ತಿಳಿಯಲಿಲ್ಲ. ಇವನಿಗೆ ತಿಳಿಯಿತು. ತಿಳಿದ ಕೂಡಲೇ ಬಿಟ್ಟ...'

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ. ಗೋಡೆ ಅವಳ ತಲೆಯ ಮೇಲೆ ಚಾಚಿಕೊಂಡಿತ್ತು. ಶೆಟ್ಟೆಪ್ಪ ಹಗ್ಗ ಹಿಡಿದ. ವಿಮೆಯವರು ಮೊಬೈಲ್ ಎತ್ತಿ ಚಿತ್ರೀಕರಣಕ್ಕೆ ನಿಂತರು.

ಅವಳು ತುದಿಯವರೆಗೆ ಹತ್ತಿದಳು. ಎರಡು ಕೈಗಳಲ್ಲಿ ಜೋತುಬಿದ್ದಳು.

ಬೆರಳುಗಳಿಗೆ ಹೇಳಿದಳು, ಬಿಡಿ. ಬೆರಳುಗಳು ಕೇಳಲಿಲ್ಲ. ಎಷ್ಟು ವರ್ಷದ ರೂಢಿ ಅವಕ್ಕೆ...

ಐದು ನಿಮಿಷ ಕಳೆಯಿತು. ಅಮಿತ ಗಡಿಯಾರ ನೋಡಿಕೊಂಡ. ಯಾರೋ ಏಣಿಯ ಕಡೆ ಹೊರಟರು.

ಆಗ ಶರಣ ಬಂದ. ಜನರನ್ನು ಸರಿಸಿಕೊಂಡು, ಶೆಟ್ಟೆಪ್ಪನ ಪಕ್ಕ ನಿಂತು ಹಗ್ಗಕ್ಕೆ ಕೈ ಚಾಚಿದ. ಅವಳ ಕೆಲಸ ಉಳಿಯಲಿ, ರೂಢಿ ಮುರಿದರೆ ಮುರಿಯಲಿ ಎಂಬಂತೆ. ಅವನು ಹಿಡಿದರೆ ಅವಳು ಬೀಳುತ್ತಾಳೆಂದು ಕಾಕಾ ಅವನಿಗೂ ಹೇಳಿದ್ದ.

ಎಷ್ಟು ಸುಲಭವಿತ್ತು, ಸುಮ್ಮನಿದ್ದುಬಿಡುವುದು! ಅವನು ಹಿಡಿಯುತ್ತಾನೆ, ಕೆಲಸ ಉಳಿಯುತ್ತದೆ. ಆದರೆ ಹಗ್ಗ ಹಿಡಿದರೆ ಅವನ ಪಾಲಿಗೆ ಅವಳು ಮತ್ತೆ ಹೊರಗಿನವಳೇ...

"ಶರಣ, ನೀವು ಹಿಡೀಬ್ಯಾಡ್ರಿ."

ಅವನ ಕೈ ಗಾಳಿಯಲ್ಲೇ ನಿಂತಿತು. "ಯಾಕ್ರಿ?"

"ಮನಿಯವರ ಹಗ್ಗ ಹಿಡಿಯಂಗಿಲ್ಲಂತ. ಕಾಕಾ ಹೇಳ್ಯಾರ."

ಶೆಡ್ಡಿನಲ್ಲಿದ್ದ ನಲವತ್ತು ಜನರಲ್ಲಿ ಆ ಮಾತು ತಿಳಿದದ್ದು ಇಬ್ಬರಿಗೆ ಮಾತ್ರ. ಒಬ್ಬ ಹಗ್ಗವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ. ಇನ್ನೊಬ್ಬ ಎರಡು ಹೆಜ್ಜೆ ಹಿಂದೆ ಸರಿದು, ಖಾಲಿ ಕೈಗಳನ್ನು ಇಳಿಬಿಟ್ಟು, ಮೊದಲ ಸಲ ಮನಸಾರೆ ಅವಳ ಮುಖವನ್ನೇ ನೋಡಿದ.

ರೂಪಾಲಿ ಕೈ ಬಿಟ್ಟಳು.

ಶೆಡ್ಡಿನ ತಗಡು ಕಣ್ಣೆದುರು ಮೇಲಕ್ಕೆ ಹಾರಿಹೋಯಿತು. ಆಮೇಲೆ ಸೊಂಟದ ಬಳಿ ಒಂದು ಜಗ್ಗು, ಮತ್ತು ಅವಳು ಗಾಳಿಯಲ್ಲಿ ಮೆಲ್ಲಗೆ ತೂಗುತ್ತಿದ್ದಳು.

ಚಪ್ಪಾಳೆ ಬಿತ್ತು. ಅಮಿತ ಶೆಟ್ಟೆಪ್ಪನ ಹತ್ತಿರ ಬಂದು, ಮೇಲಿಂದ ಹುಡುಗಿ ಏನು ಹೇಳಿದಳೆಂದು ಹಿಂದಿಯಲ್ಲಿ ಕೇಳಿದ.

"ಸೇಫ್ಟಿ ಕಿ ಬಾತ್ ಹೈ, ಸಾಬ್," ಎಂದ ಕಾಕಾ, ಹಗ್ಗ ಇಳಿಸುತ್ತ.

ಅವಳ ಕಾಲು ನೆಲ ಮುಟ್ಟುವ ಮೊದಲೇ ಶರಣ ಅಲ್ಲಿದ್ದ. ಮಂಡಿಯೂರಿ ಸೊಂಟದ ಪಟ್ಟಿ ಬಿಚ್ಚಲು ಹೋದ. ದಿನಕ್ಕೆ ಐವತ್ತು ಸಲ ಬಿಚ್ಚುವ ಕೊಂಡಿ ಇಂದು ಅವನ ಬೆರಳಿಗೆ ಸಿಗುತ್ತಿರಲಿಲ್ಲ.

"ಆ ದಿನಾನ ಹೇಳಬಹುದಿತ್ತಲ್ಲ?" ಅವಳು ಮೆಲ್ಲಗೆ ಕೇಳಿದಳು.

"ಹೆಂಗ ಹೇಳ್ಲಿ... ನೀವು ಒಲ್ಲೆ ಅಂದಿದ್ರ, ಹಗ್ಗನೂ ಇಲ್ಲ, ನೀವೂ ಇಲ್ಲ."

ಅವಳು ಅವನ ಬಾಗಿದ ತಲೆಯ ಮೇಲೆ ಬಿದ್ದಿದ್ದ, ಜಾರದಿರಲೆಂದು ತಾನು ಕೈಗೆ ಹಚ್ಚಿಕೊಂಡಿದ್ದ ಸೀಮೆಸುಣ್ಣದ ಪುಡಿಯನ್ನು ಕೈಯಿಂದ ಒರೆಸಿದಳು.

"ಇನ್ನೊಂದು ನಿಮಿಷ ತಡೀರಿ, ಕೊಂಡಿ ಬಿಗದೈತಿ," ಎಂದ ಅವನು, ನಾಚಿಕೊಂಡು.

"ಸಾವಕಾಶ ಬಿಚ್ರಿ," ಎಂದಳು ರೂಪಾಲಿ. "ನಾ ಎಲ್ಲಿಗೂ ಹೋಗಂಗಿಲ್ಲ."