ಎಟಿಎಂ ಬಾಗಿಲ ಪಕ್ಕದ ಜಾಗ

ನಮ್ಮ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ಮುಚ್ಚಿ ಎಟಿಎಂಗಳನ್ನು ಸಾಲಾಗಿ ಇಟ್ಟ ಮೇಲೆ, ಕ್ಯಾಶಿಯರ್ ಆಗಿದ್ದ ನನ್ನನ್ನು ಮಾತಾಡಿಸುವವರೇ ಇಲ್ಲವಾದರು. ಗ್ರಾಹಕರೆಲ್ಲ ಎಟಿಎಂ ಬಾಗಿಲಲ್ಲಿ ಭಿಕ್ಷೆಗೆ ಕೂರುತ್ತಿದ್ದ ಮುದುಕನ ಯೋಗಕ್ಷೇಮ ವಿಚಾರಿಸುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಚಳಿಗಾಲದಲ್ಲಿ ಅವನು ಸತ್ತ. ಹೆಣ ಎತ್ತಿದ್ದನ್ನು ನಾನೇ ಕಣ್ಣಾರೆ ಕಂಡೆ. ಆದರೂ ಜನ ಆ ಖಾಲಿ ಜಾಗಕ್ಕೆ ಬಗ್ಗಿ, "ಆರಾಮಾ ಅಜ್ಜಾ?" ಎನ್ನುವುದು ನಿಲ್ಲಲಿಲ್ಲ. ಸತ್ತವನಿಗೂ ನನಗಿಂತ ಹೆಚ್ಚು ಮರ್ಯಾದೆ!

ನಿನ್ನೆ ಮಧ್ಯಾಹ್ನ ರೋಸಿಹೋಗಿ ನಾನೇ ಅಲ್ಲಿ ಕೂತುಬಿಟ್ಟೆ. ಬಿಸಿಲೇ ಬೀಳದ ಆ ನೆಲ, ಯಾರೋ ಈಗಷ್ಟೇ ಎದ್ದಂತೆ ಬೆಚ್ಚಗಿತ್ತು. ನನ್ನ ಹಳೇ ಗ್ರಾಹಕಿ ಟೀಚರಮ್ಮ ಬಂದರು. ನಾನು ನಕ್ಕೆ. ಅವರು ನನ್ನತ್ತ ತಿರುಗಲೂ ಇಲ್ಲ. ನನಗೂ ಗೋಡೆಗೂ ನಡುವೆ ಉಳಿದಿದ್ದ ಗೇಣಗಲದ ಜಾಗಕ್ಕೆ ಬಗ್ಗಿ ಕೇಳಿದರು:

"ಯಾಕಜ್ಜಾ, ಇವತ್ತು ಹಿಂಗೆ ಗೋಡೆಗೆ ಒತ್ತಿಕೊಂಡು ಕೂತಿದ್ದೀಯ?"